ಒಂದೆಳೆ ಪಾಕ, ಎರಡೆಳೆ ಪಾಕ

ಕಳೆದ ಬೇಸಿಗೆ ರಜೆಗೆ ಮೊಮ್ಮಗಳು ಬೆಂಗಳೂರಿನಿಂದ ಪರಶುರಾಂಪುರಕ್ಕೆ ಬರುವಾಗ ಚೀಲದಲ್ಲಿ ಎರಡು ಸಾಮಾನು ಜೋಪಾನವಾಗಿ ತಂದಿದ್ದಳು. ಒಂದು, ಔಷಧದ ಪೊಟ್ಟಣದಂತಿದ್ದ ಒಣ ಯೀಸ್ಟು. ಇನ್ನೊಂದು, ಹೆಬ್ಬೆರಳಿಗಿಂತ ತುಸು ದೊಡ್ಡದಾದ ವೆನಿಲ್ಲಾ ಸೀಸೆ. ಮಿಕ್ಕದ್ದೆಲ್ಲ ಇಲ್ಲೇ ಸಿಗುತ್ತದೆಂದು ಅವಳ ಲೆಕ್ಕ. ನಿಜವೇ. ಎಣ್ಣೆಯ ವಿಷಯದಲ್ಲಂತೂ ನಮ್ಮ ತಾಲ್ಲೂಕಿನವರಿಗೆ ಒಂದಿಷ್ಟು ಜಂಭವೂ ಇದೆ. ಕಡಲೆಕಾಯಿ ಎಣ್ಣೆಯ ಗಿರಣಿಗಳಿಂದಲೇ ಹೆಸರಾಗಿ, ಒಂದು ಕಾಲಕ್ಕೆ ಎರಡನೇ ಬೊಂಬಾಯಿ ಎಂದು ಕರೆಸಿಕೊಂಡ ಚಳ್ಳಕೆರೆ ನಮ್ಮ ತಾಲ್ಲೂಕಿನ ಕೇಂದ್ರ. ಕರಿಯುವ ತಿಂಡಿಗೆ ನಮ್ಮಲ್ಲಿ ಬರ ಬರಬಾರದು.

ಅವಳು ಮಾಡಹೊರಟಿದ್ದು ಡೋನಟ್. ಮೈದಾ ಹಿಟ್ಟಿಗೆ ಯೀಸ್ಟು, ಹಾಲು, ಬೆಣ್ಣೆ, ಚೂರು ಸಕ್ಕರೆ ಹಾಕಿ ನಾದಿ, ಒದ್ದೆ ಬಟ್ಟೆ ಮುಚ್ಚಿಟ್ಟಳು. ನಮ್ಮೂರ ಏಪ್ರಿಲ್ ಬಿಸಿಲಿಗೆ ಒಂದು ಗಂಟೆಯೂ ಬೇಕಾಗಲಿಲ್ಲ, ಹಿಟ್ಟು ಎರಡರಷ್ಟಾಗಿ ಬಟ್ಟೆಯನ್ನೇ ಎತ್ತಿ ನಿಂತಿತು. ಲಟ್ಟಿಸಿ, ಲೋಟದ ಬಾಯಿಂದ ಬಿಲ್ಲೆ ಕತ್ತರಿಸಿ, ಸೀಸೆಯ ಮುಚ್ಚಳದಿಂದ ನಡುವೆ ತೂತು ಮಾಡಿದಳು. ಇನ್ನೊಮ್ಮೆ ಉಬ್ಬಲು ಬಿಟ್ಟು ನಂತರ ಎಣ್ಣೆಗೆ ಬಿಟ್ಟಳು. ಅಡಿಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ ನನಗೆ ಆ ತೂತು ಕಂಡು ನಗು ಬಂತು. "ಇದು ನಮ್ಮ ಉದ್ದಿನವಡೆ ಕಣಮ್ಮ" ಎಂದೆ. ಅವಳು ಒಪ್ಪಲಿಲ್ಲ.

ಅಮೆರಿಕದಲ್ಲಿ ಈ ತೂತಿಗೂ ಒಬ್ಬ ವಾರಸುದಾರನಿದ್ದಾನೆ. ಹ್ಯಾನ್ಸನ್ ಗ್ರೆಗರಿ ಎಂಬ ಹಡಗಿನವನು, ತಾನು ಹುಡುಗನಾಗಿದ್ದಾಗ, 1847ರಲ್ಲಿ, ನಡುವೆ ಹಸಿಯಾಗಿಯೇ ಉಳಿಯುತ್ತಿದ್ದ ಎಣ್ಣೆರೊಟ್ಟಿಗೆ ತೂತು ಮಾಡಿ ಆ ತೊಂದರೆ ನೀಗಿದೆನೆಂದು ಮುಪ್ಪಿನಲ್ಲಿ ಹೇಳಿಕೊಂಡ. ಹಿಟ್ಟು ದಪ್ಪವಿದ್ದಷ್ಟೂ ಶಾಖ ಒಳಗೆ ಹೋಗುವುದು ನಿಧಾನ. ಹೊರಗೆ ಕಪ್ಪಾದರೂ ಒಳಗೆ ಹಸಿ. ನಡುವಿನ ಮುದ್ದೆಯನ್ನೇ ತೆಗೆದುಬಿಟ್ಟರೆ ಎಲ್ಲ ಕಡೆಯೂ ಒಂದೇ ಹದ. ಈ ಬುದ್ಧಿ ವಡೆ ತಟ್ಟುವ ನಮ್ಮ ಹೆಂಗಸರಿಗೂ ಇತ್ತು. ಅವರು ಯಾರೂ ಅದರ ಮೇಲೆ ತಮ್ಮ ಹೆಸರು ಬರೆಸಿಕೊಳ್ಳಲಿಲ್ಲ. ಬಾದುಷಾ ಮಾಡುವವರು ತೂತು ಮಾಡುವುದಿಲ್ಲ, ಹೆಬ್ಬೆರಳಿನಿಂದ ನಡುವೆ ಒಂದು ಗುಳಿ ಒತ್ತುತ್ತಾರೆ. ಕಾರಣ ಅದೇ. ಆ ಗುಳಿಯಲ್ಲಿ ಒಂದು ಹನಿ ಪಾಕವೂ ನಿಲ್ಲುತ್ತದೆನ್ನುವುದು ಮೇಲಿನ ಲಾಭ.

ಬಾದುಷಾ ಎಂದು ನಾನು ಸುಮ್ಮನೆ ಬರೆಯಲಿಲ್ಲ. ಮುಂದೆ ನಡೆದದ್ದು ನನ್ನನ್ನು ಅಲ್ಲಿಗೇ ಕರೆದೊಯ್ದಿತು.

ಡೋನಟ್ ಕರಿದಾದ ಮೇಲೆ ಅದಕ್ಕೊಂದು ಹೊದಿಕೆ ಬೇಕಂತೆ. ಗ್ಲೇಜ್ ಎನ್ನುತ್ತಾರೆ. ಒಂದು ಬಟ್ಟಲು ಸಕ್ಕರೆಯನ್ನು ಮಿಕ್ಸಿಯಲ್ಲಿ ವಿಭೂತಿಯಂತೆ ನುಣ್ಣಗೆ ಪುಡಿ ಮಾಡಿ, ಅದಕ್ಕೆ ಒಂದು ಚಮಚ ಕಾರ್ನ್‌ಫ್ಲೋರ್ ಸೇರಿಸಿ ಜರಡಿ ಹಿಡಿದಳು. ಎರಡು ದೊಡ್ಡ ಚಮಚ ಉಗುರುಬೆಚ್ಚಗಿನ ಹಾಲು, ಅರ್ಧ ಚಿಕ್ಕ ಚಮಚ ವೆನಿಲ್ಲಾ, ಚಿಟಿಕೆ ಉಪ್ಪು. ಕಲಸಿದರೆ ಮುಗಿಯಿತು. ಒಲೆಯೇ ಇಲ್ಲ! ಆದರೆ ಮಾತಾಡುತ್ತ ಆಡುತ್ತ ಅವಳ ಕೈಯಿಂದ ಹಾಲು ಹೆಚ್ಚಾಗಿ ಬಿತ್ತು. ಅದ್ದಿದ ಡೋನಟ್ಟಿನಿಂದ ಹೊದಿಕೆಯೆಲ್ಲ ನೀರಿನಂತೆ ಇಳಿದು ತಟ್ಟೆಗೆ ಹೋಯಿತು. ನನ್ನ ಎದೆ ಒಮ್ಮೆ ಧಸಕ್ಕೆಂದಿತು. ಅವಳ ಮುಖದಲ್ಲಿ ಏನೂ ಇಲ್ಲ. "ಅಷ್ಟೇ ತಾನೆ ತಾತ, ಇನ್ನೊಂದಿಷ್ಟು ಸಕ್ಕರೆ ಹಾಕಿದರಾಯಿತು" ಎಂದು ಡಬ್ಬಿಯಿಂದ ಇನ್ನೊಂದು ಬಟ್ಟಲು ಮಿಕ್ಸಿಗೆ ಸುರಿದಳು.

"ಅಷ್ಟೇ ತಾನೆ." ಈ ಎರಡು ಮಾತನ್ನು ಸಕ್ಕರೆಯ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಆಡಿದ್ದನ್ನು ನಾನು ಚಿಕ್ಕಂದಿನಲ್ಲಿ ಕೇಳಿರಲಿಲ್ಲ.

ಸಕ್ಕರೆ ಎನ್ನುವುದು ನಮಗೆ ಹೊಸದೇನಲ್ಲ. ಶರ್ಕರಾ ಎಂಬ ಸಂಸ್ಕೃತ ಮಾತಿಗೆ ಹರಳು, ಮರಳು ಎಂಬ ಅರ್ಥವೂ ಇದೆ. ಕಬ್ಬಿನ ರಸವನ್ನು ಕಾಯಿಸಿ ಮರಳಿನಂತೆ ಹರಳುಗಟ್ಟಿಸುವ ವಿದ್ಯೆ ಹುಟ್ಟಿದ್ದು ಈ ನೆಲದಲ್ಲೇ. ಅರಬರ ಬಾಯಲ್ಲಿ, ಯುರೋಪಿನವರ ಬಾಯಲ್ಲಿ ಸುತ್ತಿ ಬಂದದ್ದು ಇದೇ ಮಾತು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದ ಅನ್ನಭೋಗವೆಂಬ ಭಾಗದಲ್ಲಿ ಹಿಟ್ಟನ್ನು ಕರಿದು ಸಕ್ಕರೆ ಸೇರಿಸುವ ಭಕ್ಷ್ಯಗಳು ಬರುತ್ತವೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸ ಸೂಪಶಾಸ್ತ್ರವನ್ನು ಕನ್ನಡದಲ್ಲಿ, ಅದೂ ಪದ್ಯದಲ್ಲಿ ಬರೆದ. ಅದರ ಮೊದಲ ಅಧ್ಯಾಯವೇ ಪಿಷ್ಟಪಾಕ, ಅಂದರೆ ಹಿಟ್ಟಿನ ತಿಂಡಿಗಳು. ಆದರೆ ಒಬ್ಬ ಚಕ್ರವರ್ತಿ, ಇನ್ನೊಬ್ಬ ಮಾಂಡಲಿಕ. ಅವರ ಅಡಿಗೆಮನೆಯಲ್ಲಿ ಪಾಕ ಕೆಟ್ಟರೆ ಇನ್ನೊಂದು ಕೊಪ್ಪರಿಗೆ ಇಡುವವರಿದ್ದರು. ಹಳ್ಳಿಯ ಒಲೆಯ ಮೇಲೆ ಆಗ ಕುದಿಯುತ್ತಿದ್ದುದು ಬೆಲ್ಲ.

1800ನೆಯ ಇಸವಿಯಲ್ಲಿ ಮೈಸೂರು ಸೀಮೆಯನ್ನು ನೋಡಲು ಹೊರಟ ಫ್ರಾನ್ಸಿಸ್ ಬುಕಾನನ್ ಚಿಕ್ಕಬಳ್ಳಾಪುರದಲ್ಲಿ ಮಾಡುತ್ತಿದ್ದ ಬಿಳಿ ಸಕ್ಕರೆಯನ್ನೂ ಕಲ್ಲುಸಕ್ಕರೆಯನ್ನೂ ಕಂಡು, ಇದು ಚೀನಾದ ಸರಕಿಗೆ ಸಮನೆಂದು ಮೆಚ್ಚಿದ. ಆದರೆ ಬೆಲೆ ಮಾತ್ರ ಮುಟ್ಟುವಂತಿರಲಿಲ್ಲ. ಬಿಳಿ ಸಕ್ಕರೆ ಹಬ್ಬ ಹುಣ್ಣಿಮೆಗಾದರೂ ಸಾಮಾನ್ಯರ ಮನೆಗೆ ಬಂದದ್ದು ಬಹಳ ತಡವಾಗಿ, ಅದೂ ಮೊದಮೊದಲು ಜಾವಾದಿಂದ ಹಡಗು ಹತ್ತಿ ಬಂದದ್ದು. 1932ರಲ್ಲಿ ದೇಶದ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ಸಿಕ್ಕಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಕಾರ್ಖಾನೆಯ ಹಿಂದೆ ದುಡಿದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಕನ್ನಂಬಾಡಿಯ ನೀರು ಮಂಡ್ಯದ ಹೊಲಕ್ಕೆ ಕಬ್ಬಾಗಿ ಇಳಿದು ಸಕ್ಕರೆಯಾಗಿ ಎದ್ದಿತು.

ನಮ್ಮ ಸೀಮೆಯ ನೀರಿನ ಕಥೆ ಬೇರೆ. ನಮ್ಮೂರ ವೇದಾವತಿಗೆ ಹಿರಿಯೂರಿನ ಮೇಲೆ ಮಾರಿಕಣಿವೆಯಲ್ಲಿ ಅಣೆಕಟ್ಟು ಕಟ್ಟಿ ಮುಗಿಸಿದ್ದು 1907ರಲ್ಲಿ. ಆ ಅಚ್ಚುಕಟ್ಟಿನಲ್ಲಿ ಕಬ್ಬು ಬೆಳೆಯಿತು, ಆಲೆಮನೆ ಎದ್ದವು, ಬೆಲ್ಲ ಆಯಿತು. ಕೆಳಗಿನ ನಮಗೆ ಉಳಿದದ್ದು ಹೆಚ್ಚಾಗಿ ನದಿಯ ಮರಳು. ಮಂಡ್ಯದ ಕಂಪನಿ ಹುಟ್ಟಿದ ಅದೇ 1933ರಲ್ಲಿ ಮಾರಿಕಣಿವೆ ಕೋಡಿ ಬಿದ್ದಿತ್ತು. ಆಮೇಲೆ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷಕ್ಕೆ. ನಡುವಿನ ಇಷ್ಟು ವರ್ಷ ಹುಟ್ಟಿ ಬೆಳೆದವರು ನಾವು. ಮಳೆ ನಂಬಿದ ಕಡಲೆಕಾಯಿ, ಕುರಿ, ಕಂಬಳಿ. ಹಿಡಿ ಸಕ್ಕರೆಯನ್ನು ಕಾಗದದಲ್ಲಿ ಕಟ್ಟಿ ಪೆಟ್ಟಿಗೆಯ ತಳದಲ್ಲಿಟ್ಟು, ಮಗುವಿಗೆ ಜ್ವರ ಬಂದರೆ ಗಂಜಿಗೆ ಹಾಕುತ್ತಿದ್ದ ಮನೆಗಳನ್ನು ನಾನೇ ಕಂಡಿದ್ದೇನೆ.

ಹಾಗೆಂದು ಸಕ್ಕರೆಯ ಹೊದಿಕೆಯ ರುಚಿ ನಮಗೆ ಗೊತ್ತಿರಲಿಲ್ಲವೆಂದಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರಿಗೆ, ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಹೋದವರು ಬೆಂಡು ಬತ್ತಾಸು ಕಟ್ಟಿಸಿಕೊಳ್ಳದೆ ಬರುತ್ತಿರಲಿಲ್ಲ. ಬೆಂಡಿನ ಮೇಲಿನ ಬಿಳಿ ಪದರ, ಸಂಕ್ರಾಂತಿಯ ಕುಸುರೆಳ್ಳಿನ ಮುಳ್ಳುಮುಳ್ಳು, ಬಾದುಷಾದ ಮೇಲಿನ ಮಂಜಿನಂಥ ಪೊರೆ ಎಲ್ಲವೂ ಒಂದೇ ವಂಶ. ಕುಸುರೆಳ್ಳು ಮಾಡುವವರ ತಾಳ್ಮೆಯನ್ನು ನೀವು ನೋಡಬೇಕು. ಸಣ್ಣ ಉರಿಯ ಮೇಲೆ ತಟ್ಟೆಯಿಟ್ಟು, ಚಮಚ ಚಮಚವಾಗಿ ಪಾಕ ಬಿಡುತ್ತ, ಬೆರಳಿನಿಂದ ಎಳ್ಳನ್ನು ಆಡಿಸುತ್ತ ಕೂರಬೇಕು. ಒಂದು ಪದರ ಒಣಗಿದ ಮೇಲೆ ಇನ್ನೊಂದು. ದಿನಗಟ್ಟಲೆ ಕೆಲಸ.

ಇಷ್ಟಕ್ಕೂ ಪಾಕ ಎಂದರೇನು? ತಣ್ಣನೆಯ ನೀರು ತನ್ನ ತೂಕದ ಎರಡರಷ್ಟು ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. ಕುದಿಯುವ ನೀರು ಹತ್ತಿರ ಹತ್ತಿರ ಐದರಷ್ಟನ್ನು. ಕುದಿಸಿ ನೀರನ್ನು ಆವಿ ಮಾಡಿದಂತೆಲ್ಲ ಪಾಕ ತನ್ನ ಶಕ್ತಿ ಮೀರಿ ಸಕ್ಕರೆಯನ್ನು ಹೊತ್ತುಕೊಂಡಿರುತ್ತದೆ. ಆರುತ್ತಿದ್ದಂತೆ ಹೊರಲಾರದೆ ಹೆಚ್ಚಿನದನ್ನು ಹರಳಾಗಿ ಇಳಿಸಿಬಿಡುತ್ತದೆ. ಬಾದುಷಾದ ಮೇಲೆ ಬಿಳಿ ಪೊರೆ ಕಟ್ಟುವುದು ಹೀಗೆ. ಎರಡು ಬೆರಳ ನಡುವೆ ಹಿಡಿದು ಬಿಡಿಸಿದರೆ ಒಂದು ಎಳೆ ಬಂದರೆ ಒಂದೆಳೆ ಪಾಕ. ಇನ್ನೂ ಬಿಗಿಯಾಗಿ ಎರಡು ಎಳೆ ಬಂದರೆ ಎರಡೆಳೆ. ರಸ ಕುಡಿದು ಒದ್ದೆಯಾಗಿರಬೇಕಾದರೆ ಒಂದೆಳೆ ಸಾಕು, ಎರಡು ಹನಿ ನಿಂಬೆರಸ ಹಿಂಡಬೇಕು. ನಿಂಬೆಯ ಹುಳಿ ಸಕ್ಕರೆಯನ್ನು ಒಡೆದು ಹರಳು ಕಟ್ಟದಂತೆ ತಡೆಯುತ್ತದೆ. ಬಿಳಿ ಪೊರೆ ಬೇಕೆಂದರೆ ನಿಂಬೆ ಕೂಡದು, ಎರಡೆಳೆಯ ತನಕ ಹೋಗಬೇಕು. ಒಂದೆಳೆಗೂ ಎರಡೆಳೆಗೂ ನಡುವೆ ಇರುವುದು ಕೆಲವೇ ನಿಮಿಷ. ಅದರಾಚೆ ಉಂಡೆಪಾಕ, ಅದರಾಚೆ ಕಂದು, ಅದರಾಚೆ ಕಪ್ಪು.

ಹುಳಿಯ ಗುಣ, ಹರಳಿನ ಗುಣ ಇವೆಲ್ಲ ನಾನು ದೊಡ್ಡವನಾಗಿ ಪುಸ್ತಕದಿಂದ ತಿಳಿದದ್ದು. ಎಳೆಯ ಲೆಕ್ಕ ಕಲಿತದ್ದು ದೊಡ್ಡಮ್ಮನಿಂದ.

ದೊಡ್ಡಮ್ಮ ನಮ್ಮ ತಂದೆಯ ಅಣ್ಣನ ಹೆಂಡತಿ. ಇಪ್ಪತ್ತು ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು ನಮ್ಮ ಮನೆಯಲ್ಲೇ ಉಳಿದವಳು. ಮದುವೆ ಮುಂಜಿಯೆಂದರೆ ಊರಿನ ನಾಲ್ಕಾರು ಮನೆಯವರು ಅವಳನ್ನು ಕರೆಯುತ್ತಿದ್ದರು. ಹಸೆಯ ಹತ್ತಿರಕ್ಕಲ್ಲ, ಹಿತ್ತಿಲ ಕೋಡೊಲೆಗೆ. ಹಸೆ ಬರೆಯುವಾಗ, ಆರತಿ ಎತ್ತುವಾಗ ಅವಳು ಎದುರಿಗೆ ಬರಬಾರದು. ಆದರೆ ಅವಳು ಕಾಸಿದ ಪಾಕದ ಸಿಹಿ ಹಸೆಮಣೆಯ ಮೇಲಿದ್ದವರ ಬಾಯಿಗೆ ಹೋಗಬಹುದು. ಈ ನ್ಯಾಯದಲ್ಲಿ ಏನಾದರೂ ವಕ್ರ ಇದೆಯೆಂದು ಆಗ ಯಾರಿಗೂ ತೋರಿರಲಿಲ್ಲ, ನನಗೂ. ಅವಳ ಬಲಗೈಯ ಹೆಬ್ಬೆರಳು, ತೋರುಬೆರಳ ತುದಿ ನುಣುಪಾಗಿ ಹೊಳೆಯುತ್ತಿದ್ದವು. ಕುದಿವ ಪಾಕದ ಹನಿಯನ್ನು ಮುಟ್ಟಿ ಮುಟ್ಟಿ ಅಲ್ಲಿನ ಗೆರೆಗಳೇ ಮಾಸಿಹೋಗಿದ್ದವು.

1966ರಲ್ಲಿ ನಮ್ಮಕ್ಕನ ಮದುವೆ ಗೊತ್ತಾಯಿತು. ನನಗೆ ಒಂಬತ್ತು ವರ್ಷ. ಬೀಗರು ಪೇಟೆಯ ಕಡೆಯವರು, ಎಣ್ಣೆ ಗಿರಣಿಯಲ್ಲಿ ಲೆಕ್ಕ ಬರೆಯುವ ವರ. ಅವರು ಕೇಳಿದ್ದು ಹೆಚ್ಚೇನಲ್ಲ. ಬೀಗರೂಟಕ್ಕೆ ಬಾದುಷಾ ಇರಲಿ ಎಂದರು. ಅಷ್ಟು ಹೊತ್ತಿಗೆ ಸಕ್ಕರೆಗೆ ಮತ್ತೆ ನಿಯಂತ್ರಣ ಬಂದು ಮೂರು ವರ್ಷವಾಗಿತ್ತು. ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ ಶುರುವಾದ ಈ ಕಟ್ಟು ಒಮ್ಮೆ ಸಡಿಲಾಗುವುದು, ಒಮ್ಮೆ ಬಿಗಿಯಾಗುವುದು ಪಾಕದಂತೆಯೇ ನಡೆದಿತ್ತು. ಮೇಲಾಗಿ ಹಿಂದಿನ ವರ್ಷ ಮಳೆಯಿಲ್ಲ. ಪಡಿತರ ಚೀಟಿಗೆ ತಲೆಗಿಷ್ಟೆಂದು ಕೊಡುತ್ತಿದ್ದ ಸಕ್ಕರೆ ಕಾಫಿಗೇ ಸಾಲದು. ಮದುವೆಗೆ ಹೆಚ್ಚು ಬೇಕಾದರೆ ಲಗ್ನಪತ್ರಿಕೆ ಲಗತ್ತಿಸಿ ಅರ್ಜಿ ಹಾಕಿ ಪರ್ಮಿಟ್ಟು ತರಬೇಕು. ತಂದೆ ಮೂರು ಸಲ ಬಸ್ಸು ಹತ್ತಿ ಹೋಗಿ, ಎಂಟು ಕಿಲೋ ಸಕ್ಕರೆಯ ಚೀಟಿ ತಂದರು. ಕಿಲೋ ಬಂದು ನಾಲ್ಕೈದು ವರ್ಷವಾಗಿದ್ದರೂ ದೊಡ್ಡಮ್ಮನ ಬಾಯಲ್ಲಿ ಇನ್ನೂ ಸೇರೇ. ಅವಳು ಸಕ್ಕರೆಯನ್ನು ಸೇರಿನಿಂದ ಅಳೆದು, ಕಾಫಿಗಿಷ್ಟು, ಪಾಯಸಕ್ಕಿಷ್ಟು, ಪಾಕಕ್ಕಿಷ್ಟು ಎಂದು ಮೂರು ಪಾಲು ಮಾಡಿದಳು. ಪಾಕದ ಪಾಲು ನಾಲ್ಕು ಕಿಲೋದಷ್ಟಿತ್ತು.

ಮದುವೆಯ ಹಿಂದಿನ ಸಂಜೆ ಬಾದುಷಾ ಕರಿದು ಗೂಡೆಗೆ ತುಂಬಿ, ಹಿತ್ತಿಲಿನಲ್ಲಿ ಪಾಕಕ್ಕೆ ಇಟ್ಟಳು. ನಾನು ಸೌದೆ ಒಡ್ಡುವವನು. ನೊರೆ ಎದ್ದಿತು, ಹಾಲು ಚಿಮುಕಿಸಿ ಕಶ್ಮಲ ತೆಗೆದಳು, ಗುಳ್ಳೆ ಸಣ್ಣದಾಯಿತು. ಅಷ್ಟರಲ್ಲಿ ಮುತ್ತೈದೆಯರು ಗಂಗೆಪೂಜೆಗೆಂದು ಕಳಶ ಹಿಡಿದು ಹಿತ್ತಿಲ ಬಾವಿಯ ಕಡೆಗೆ ಹೊರಟ ಸದ್ದು ಕೇಳಿತು. ಕಳಶಕ್ಕೆ ಅವಳು ಎದುರಾಗಬಾರದು. ಸೆರಗು ತಲೆಯ ಮೇಲೆ ಎಳೆದುಕೊಂಡು, "ಲೇ, ಗುಳ್ಳೆ ಮಂದವಾದ ಕೂಡಲೆ ಸೌದೆ ಎಳೆದುಬಿಡು, ಎಲ್ಲಿಗೂ ಹೋಗಬೇಡ" ಎಂದು ನನಗೆ ಹೇಳಿ ದನದ ಕೊಟ್ಟಿಗೆಯ ಹಿಂದಕ್ಕೆ ಸರಿದು ನಿಂತಳು. ಅವಳು ನಿಂತ ಜಾಗದಿಂದ ಒಲೆ ಕಾಣುತ್ತಿರಲಿಲ್ಲ.

ಅದೇ ಹೊತ್ತಿಗೆ ಬೀದಿಯಲ್ಲಿ ಪೆಟ್ರೋಮ್ಯಾಕ್ಸ್ ದೀಪ ಹೊತ್ತಿಸಿದರು. ಓಲಗದವರು ಬಂದಿಳಿದಿದ್ದರು. ಒಂದು ಸಲ ನೋಡಿ ಬಂದುಬಿಡುತ್ತೇನೆಂದು ಓಡಿದೆ.

ನಾನು ಮರಳಿ ಬರುವಾಗ ಹಿತ್ತಿಲ ತುಂಬ ಸೀದ ವಾಸನೆ. ಪಾತ್ರೆಯಲ್ಲಿ ಕರ್ರಗಿನ ಅಂಟು ಹೊಗೆಯಾಡುತ್ತಿತ್ತು. ಹೆಂಗಸರು ಸುತ್ತ ನೆರೆದಿದ್ದರು. ದೊಡ್ಡಮ್ಮ ಪಾತ್ರೆಯನ್ನು ಇಳಿಸಿ, ಅದರ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಯಾರೋ, "ಶುಭಕಾರ್ಯಕ್ಕೆ ಆ ಕೈ ಯಾಕೆ ಬೇಕಿತ್ತು" ಎಂದರು. ಇನ್ನೊಬ್ಬರು, "ಪಾಕ ಸೀಯೋದು ಒಳ್ಳೇ ಶಕುನವಲ್ಲ" ಎಂದರು. ನಾನು ಬಾಗಿಲಲ್ಲಿ ನಿಂತಿದ್ದೆ. ದೊಡ್ಡಮ್ಮ ನನ್ನನ್ನು ಒಂದು ಸಲ ನೋಡಿದಳು. "ನನಗೆ ಮಂಪರು ಬಂತು" ಎಂದಳು. ಅಷ್ಟೇ. ನಾನೂ ಬಾಯಿ ಬಿಡಲಿಲ್ಲ.

ಪಾಕದ ಸ್ವಭಾವವನ್ನು ಬಲ್ಲವರಿಗೆ ಒಂದು ಮಾತು ಗೊತ್ತು. ಹರಳುಗಟ್ಟಿ ಮರಳಾದ ಪಾಕವನ್ನು ಉಳಿಸಬಹುದು. ನಾಲ್ಕು ಚಮಚ ನೀರು ಹಾಕಿ ಮತ್ತೆ ಕಾಯಿಸಿದರೆ ಅದು ಮೊದಲಿನಂತಾಗುತ್ತದೆ. ಸೀದ ಪಾಕ ಮಾತ್ರ ಮತ್ತೆ ಸಕ್ಕರೆಯಾಗುವುದಿಲ್ಲ. ಆ ರಾತ್ರಿ ದೊಡ್ಡಮ್ಮ ಕಪ್ಪಾದ ಪಾತ್ರೆಯನ್ನು ಬೂದಿ ಹಾಕಿ ತಿಕ್ಕಿ, ಹಿರಿಯೂರು ಕಡೆಯಿಂದ ತಂದಿದ್ದ ಬೆಲ್ಲದ ಅಚ್ಚು ಒಡೆದು ಪಾಕ ಮಾಡಿದಳು. ಬೆಲ್ಲದಲ್ಲಿ ಸಕ್ಕರೆಯಲ್ಲದೆ ಬೇರೆ ಅಂಶಗಳೂ ಇರುವುದರಿಂದ ಅದು ಬಿಳಿ ಪೊರೆ ಕಟ್ಟುವುದಿಲ್ಲ. ಬಾದುಷಾ ಕೆಂಪಗೆ, ಜಿಗುಟಾಗಿ ಎಲೆಗೆ ಬಿದ್ದವು. ರುಚಿಗೇನೂ ಕಡಿಮೆಯಿರಲಿಲ್ಲ ಎಂದು ತಿಂದವರು ಹೇಳಿದ್ದು ನನ್ನ ಕಿವಿಗೆ ಬಿದ್ದಿದೆ. ಆದರೆ ಬೀಗರ ಪಂಕ್ತಿಯಲ್ಲಿ ಒಬ್ಬ ಹಿರಿಯರು ಒಂದನ್ನು ಎತ್ತಿ ಹಿಡಿದು, "ಇದೇನು, ಬಾದುಷಾಗೆ ಮೈಲಿಗೆ ಸೀರೆ ಉಡಿಸಿದ್ದೀರಿ" ಎಂದರು. ಪಂಕ್ತಿಯೆಲ್ಲ ನಕ್ಕಿತು. ತಂದೆಯವರ ಮುಖ ಇಳಿದುಹೋಯಿತು.

ಆ ನಗೆ ಅಲ್ಲಿಗೇ ನಿಲ್ಲಲಿಲ್ಲ. ಆಮೇಲೆ ದೊಡ್ಡಮ್ಮನನ್ನು ಮದುವೆಯ ಒಲೆಗೆ ಯಾರೂ ಕರೆಯಲಿಲ್ಲ. ನಮ್ಮ ಮನೆಯ ಮುಂದಿನ ಮದುವೆಗೂ ಪೇಟೆಯಿಂದ ಅಡಿಗೆಯವರು ಬಂದರು. ಅವಳು ಕೊಟ್ಟಿಗೆಯ ಕಡೆ ಕುಳಿತು ಸೌತೆಕಾಯಿ ಹೆಚ್ಚಿ ಕೊಟ್ಟಳು. ಹಸೆಗೆ ಬೇಡವಾಗಿದ್ದವಳಿಗೆ ಉಳಿದಿದ್ದ ಒಂದೇ ಒಂದು ಜಾಗ ಆ ಒಲೆಯಾಗಿತ್ತು. ಅದನ್ನೂ ನಾನು ಓಲಗ ನೋಡುವ ಆಸೆಗೆ ಕಳೆದೆ. ಅವಳು ಹೋದದ್ದು 1981ರಲ್ಲಿ. ಕೊನೆಯವರೆಗೂ ಆ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸಕ್ಕರೆಯ ಕಥೆ ಮಾತ್ರ ಮುಂದುವರಿಯಿತು. ಅಕ್ಕನ ಮದುವೆಯಾದ ಮಾರನೆಯ ವರ್ಷ, 1967ರಲ್ಲಿ, ಸರ್ಕಾರ ಅರ್ಧ ಕಟ್ಟು ಬಿಚ್ಚಿತು. ಕಾರ್ಖಾನೆಯ ಸಕ್ಕರೆಯಲ್ಲಿ ಒಂದು ಪಾಲು ಪಡಿತರಕ್ಕೆ, ಇನ್ನೊಂದು ಪಾಲು ಪೇಟೆಗೆ. 1978ರಲ್ಲಿ ಪೂರ್ತಿ ಬಿಚ್ಚಿ, ಮಾರನೆಯ ವರ್ಷವೇ ಮತ್ತೆ ಕಟ್ಟಿತು. ಪಡಿತರಕ್ಕೆಂದು ಕಾರ್ಖಾನೆಗಳಿಂದ ಕಡ್ಡಾಯವಾಗಿ ಸಕ್ಕರೆ ತೆಗೆದುಕೊಳ್ಳುವುದು ನಿಂತದ್ದು 2013ರಲ್ಲಿ. ಅಷ್ಟು ಹೊತ್ತಿಗೆ ಅದು ನಿಂತದ್ದನ್ನು ಯಾರೂ ಗಮನಿಸಲೇ ಇಲ್ಲ. ಸಂತೆಯಲ್ಲಿ ಸಕ್ಕರೆ ರಾಶಿ ಬಿದ್ದಿತ್ತು. ಡಾಕ್ಟರು ಅದನ್ನು ಕಡಿಮೆ ತಿನ್ನಿ ಎನ್ನತೊಡಗಿದ್ದರು.

ಇತ್ತ ಮೊಮ್ಮಗಳ ಬಟ್ಟಲಿನಲ್ಲಿ ಹೊದಿಕೆ ಈಗ ಹದಕ್ಕೆ ಬಂದಿತ್ತು. ಚಮಚದಿಂದ ಎತ್ತಿ ಬಿಟ್ಟರೆ ರಿಬ್ಬನ್ನಿನಂತೆ ಇಳಿದು, ಒಂದು ಗಳಿಗೆ ಮೇಲೆ ನಿಂತು, ಆಮೇಲೆ ಬೆರೆಯಬೇಕಂತೆ. ಡೋನಟ್ಟು ಸುಡುಸುಡುತ್ತಿದ್ದರೆ ಹೊದಿಕೆ ಕರಗಿ ಜಾರುತ್ತದೆ. ತೀರ ತಣ್ಣಗಿದ್ದರೆ ದಪ್ಪಗೆ ಮೆತ್ತಿಕೊಳ್ಳುತ್ತದೆ. ಕೈಗೆ ಬೆಚ್ಚಗೆನಿಸುವಾಗ ಒಂದು ಮಗ್ಗುಲು ಅದ್ದಿ, ತಿರುವಿ, ಜಾಲರಿಯ ಮೇಲಿಡಬೇಕು. ಹದಿನೈದು ನಿಮಿಷದಲ್ಲಿ ನೀರಿನಂಶ ಹೋಗಿ, ಬೆರಳು ತಗುಲಿದರೆ ಸೀಳುವಂಥ ತೆಳು ಪೊರೆ ಕಟ್ಟುತ್ತದೆ. ಬೆಂಕಿಯ ಕೆಲಸವನ್ನು ಇಲ್ಲಿ ಮಿಕ್ಸಿಯ ಅಲಗು ಮೊದಲೇ ಮಾಡಿ ಮುಗಿಸಿರುತ್ತದೆ. ಹರಳನ್ನು ಕರಗಿಸಿ ಮತ್ತೆ ಕಟ್ಟಿಸುವ ಬದಲು ಮೊದಲೇ ಪುಡಿ ಮಾಡಿ ಅಂಟಿಸುವುದು. ಸೀಯುವ ಭಯವಿಲ್ಲ, ಬೆರಳು ಸುಡುವುದಿಲ್ಲ. ನೀರಾದರೆ ಸಕ್ಕರೆ, ಗಟ್ಟಿಯಾದರೆ ಹಾಲು.

ಸೀಸೆ ಮೂಸಿ ನೋಡಿದೆ. ಐಸ್‌ಕ್ರೀಮಿನ ವಾಸನೆ. ಈ ವಾಸನೆಗೂ ಒಂದು ಚರಿತ್ರೆಯಿದೆ, ಅದರಲ್ಲೂ ಒಬ್ಬ ಹುಡುಗನಿದ್ದಾನೆ. ವೆನಿಲ್ಲಾ ಮೆಕ್ಸಿಕೋ ಕಡೆಯ ಒಂದು ಆರ್ಕಿಡ್ ಬಳ್ಳಿ. ಬೇರೆ ದೇಶಕ್ಕೆ ಒಯ್ದು ನೆಟ್ಟರೆ ಹೂ ಬಿಡುತ್ತಿತ್ತು, ಕಾಯಿ ಕಟ್ಟುತ್ತಿರಲಿಲ್ಲ. ಹೂ ಅರಳಿರುವುದೂ ಒಂದು ಬೆಳಗಿನ ಮಟ್ಟಿಗೆ. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ, ಹೂವಿನೊಳಗಿನ ತೆಳು ಪೊರೆಯನ್ನು ಕಡ್ಡಿಯಿಂದ ಎತ್ತಿ ಹೆಬ್ಬೆರಳಿನಿಂದ ಪರಾಗವನ್ನು ಒತ್ತಿ ಕಾಯಿ ಕಟ್ಟಿಸುವುದನ್ನು ಕಂಡುಹಿಡಿದ. ಇಂದಿಗೂ ವೆನಿಲ್ಲಾ ತೋಟಗಳಲ್ಲಿ ನಡೆಯುವುದು ಅವನ ಬೆರಳಿನ ಆ ಕೆಲಸವೇ. ತೋಟದವರು ಸಾಹುಕಾರರಾದರು. ಅವನು 1880ರಲ್ಲಿ ಬಡವನಾಗಿಯೇ ಸತ್ತ. 1874ರಲ್ಲಿ ಜರ್ಮನಿಯ ಇಬ್ಬರು ರಸಾಯನ ವಿಜ್ಞಾನಿಗಳು ಅದೇ ಪರಿಮಳದ ವೆನಿಲಿನ್ನನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿದರು. ನಮ್ಮ ಕೈಗೆ ಬರುವ ಅಗ್ಗದ ಸೀಸೆಗಳಲ್ಲಿ ಬಹುಪಾಲು ಅಂಥದ್ದೇ.

ನಮ್ಮ ಮಲೆನಾಡಿಗೂ ಈ ಬಳ್ಳಿ ಒಮ್ಮೆ ಹುಚ್ಚು ಹಿಡಿಸಿತ್ತು. 2000ದ ಇಸವಿಯಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದು ಅಲ್ಲಿನ ತೋಟ ಹಾಳಾದ ಮೇಲೆ ಬೆಲೆ ಏರುತ್ತ ಹೋಯಿತು. 2003ರ ಹೊತ್ತಿಗೆ ಇಲ್ಲಿ ಹಸಿ ಕೋಡಿಗೆ ಕಿಲೋಗೆ ಸಾವಿರಗಟ್ಟಲೆ ರೂಪಾಯಿ. ಮೂಡಿಗೆರೆ ಕಡೆಯ ನನ್ನ ಗೆಳೆಯರೊಬ್ಬರು ಕಳ್ಳರ ಭಯಕ್ಕೆ ಬ್ಯಾಟರಿ ಹಿಡಿದು ತೋಟದಲ್ಲೇ ಮಲಗುತ್ತಿದ್ದರು. ಎರಡು ವರ್ಷದಲ್ಲಿ ಬೆಲೆ ನೆಲಕಚ್ಚಿ, ಬಳ್ಳಿ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದರು. "ಏಲಕ್ಕಿ ನಮಗೆ ಯಾವತ್ತೂ ಇಷ್ಟು ಆಸೆ ಹುಟ್ಟಿಸಲಿಲ್ಲ, ಇಷ್ಟು ಮೋಸವನ್ನೂ ಮಾಡಲಿಲ್ಲ" ಎಂದು ಅವರು ಹೇಳಿದ್ದು ನೆನಪಾಗಿ, ಮೊಮ್ಮಗಳಿಗೆ ಹೇಳಿ ಅರ್ಧ ಹೊದಿಕೆಯನ್ನು ಬೇರೆ ಬಟ್ಟಲಿಗೆ ತೆಗೆಸಿ, ಎರಡು ಏಲಕ್ಕಿ ಕುಟ್ಟಿ ಹಾಕಿಸಿದೆ.

ತಿನ್ನುತ್ತ ಕುಳಿತಾಗ ಅವಳಿಗೆ ದೊಡ್ಡಮ್ಮನ ಕಥೆ ಹೇಳಿದೆ. ಐವತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಅವಳು ತುಂಬಾ ಹೊತ್ತು ಸುಮ್ಮನಿದ್ದು, "ಸಕ್ಕರೆಗೋಸ್ಕರವಾ?" ಎಂದಳು. ಹೇಗೆ ಉತ್ತರಿಸಲಿ? ನಾಲ್ಕು ಕಿಲೋ ಸಕ್ಕರೆ ಇಂದು ಒಂದು ಹೊತ್ತಿನ ಕೂಲಿಯ ಬೆಲೆಯೂ ಅಲ್ಲ. ಬಡತನವೆಂದರೆ ತಿನ್ನಲು ಕಡಿಮೆ ಇರುವುದೆಂದು ನಾವು ತಿಳಿದಿದ್ದೇವೆ. ಕೈತಪ್ಪಿಗೆ ಮನೆಯಲ್ಲಿ ಜಾಗವಿಲ್ಲದಿರುವುದೂ ಬಡತನವೇ. ಮಗುವಿನ ಕೈತಪ್ಪು ಮಗುವಿನ ತಪ್ಪಾಗಿಯೇ ಉಳಿಯಬೇಕಾದರೆ ಡಬ್ಬಿಯಲ್ಲಿ ಇನ್ನೊಂದು ಬಟ್ಟಲು ಸಕ್ಕರೆ ಇರಬೇಕು. ಇಲ್ಲದಿದ್ದರೆ ಅದಕ್ಕೊಬ್ಬ ಹೊಣೆಗಾರರು ಬೇಕಾಗುತ್ತಾರೆ, ಮತ್ತು ಆ ಹೊಣೆ ಹೋಗಿ ಬೀಳುವುದು ಮೊದಲೇ ಬೀಳಿಸಿದ ತಲೆಯ ಮೇಲೆ. ಮಾನಸೋಲ್ಲಾಸದ ಅಡಿಗೆಮನೆಗೂ ನಮ್ಮ ಹಿತ್ತಿಲಿಗೂ ಇದ್ದ ಅಂತರ ಇಷ್ಟೇ ಎಂದು ನನಗೆ ಈಗ ತೋರುತ್ತದೆ. ಸಕ್ಕರೆ ಅಗ್ಗವಾದದ್ದು ನಮ್ಮ ಆರೋಗ್ಯಕ್ಕೆ ಒಳ್ಳೆಯದೋ ಕೆಟ್ಟದ್ದೋ ಡಾಕ್ಟರು ಹೇಳಲಿ. ಅದು ನನ್ನ ಮೊಮ್ಮಗಳ ಬಾಯಲ್ಲಿ "ಅಷ್ಟೇ ತಾನೆ" ಎಂಬ ಮಾತು ತಂದಿತು. ಅಷ್ಟರ ಮಟ್ಟಿಗೆ ನಾನು ಮಂಡ್ಯದ ಕಬ್ಬಿಗೆ ಕೃತಜ್ಞ.

ಸಕ್ಕರೆಯ ಮಾತು ಅದು. ಆ ಹೊತ್ತು ಕಳಶ ಬರುತ್ತದೆಂದು ಅವಳು ಒಲೆ ಬಿಟ್ಟು ಸರಿದು ನಿಲ್ಲಬೇಕಾಗಿರಲಿಲ್ಲ. ಅದಕ್ಕೆ ಯಾವ ಕಾರ್ಖಾನೆಯ ಸಕ್ಕರೆಯೂ ಪರಿಹಾರವಲ್ಲ.

ರಾತ್ರಿ ಅಕ್ಕನಿಗೆ ಫೋನು ಮಾಡಿದೆ. ಎಂಬತ್ತರ ಹತ್ತಿರ ಬಂದಿದ್ದಾಳೆ, ಕಿವಿ ಮಂದ. ಕೂಗಿ ಕೂಗಿ ಹೇಳಿದೆ. ಪಾಕ ಸೀದದ್ದು ನನ್ನಿಂದ, ದೊಡ್ಡಮ್ಮನಿಂದಲ್ಲ. ಆ ಕಡೆ ಸುಮಾರು ಹೊತ್ತು ಸದ್ದಿಲ್ಲ. ಆಮೇಲೆ, "ಎಷ್ಟು ಸಕ್ಕರೆ ಹೋಯಿತು ಅಂದೆ?" ಎಂದಳು.

"ನಾಲ್ಕು ಕಿಲೋ."

"ಅಷ್ಟೇನಾ?" ಎಂದಳು. ಸ್ವಲ್ಪ ತಡೆದು, "ಅತ್ತೆಮನೇಲಿ ಹತ್ತು ವರ್ಷ ಅಂದರು ನನ್ನ" ಎಂದಳು. ಬಯ್ಯುತ್ತಾಳೆಂದು ಕಾದೆ. ಬಯ್ಯಲಿಲ್ಲ. "ಆ ಕೆಂಪು ಬಾದುಷಾ ಚೆನ್ನಾಗಿತ್ತು ಕಣೋ. ಒಂದು ದಿನಾನೂ ಅವಳ ಹತ್ತಿರ ಹೇಳಲಿಲ್ಲ ನಾನು" ಎಂದಳು.

ಮರುದಿನ ಮೊಮ್ಮಗಳು ಒಲೆ ಹಚ್ಚಿ ಸಕ್ಕರೆ ನೀರಿಟ್ಟು, ಎರಡೆಳೆ ಹೇಗಿರುತ್ತದೆ ತೋರಿಸು ಎಂದಳು. ನಾನು ಬೆರಳು ಸುಟ್ಟುಕೊಂಡೆ. ಎಳೆ ಒಂದೇ ಬಂತು.